ಶಾಲೆಯ ಬಾಗಿಲಲ್ಲಿ ಲಸಿಕೆಯ ಚೀಟಿ

(ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆ ಹೂಡುವ ಕನ್ನಡಿಗ ದಂಪತಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಕಚೇರಿಯವರು ಕೇಳುವುದು ಹಿಂದಿನ ತರಗತಿಯ ಅಂಕಗಳನ್ನಷ್ಟೇ ಅಲ್ಲ. 'ಚುಚ್ಚುಮದ್ದಿನ ದಾಖಲೆ ಎಲ್ಲಿ?' ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಆಗ ಊರಿಗೆ ಫೋನು ಹೋಗುತ್ತದೆ. ಮಗುವಿನ ಅಜ್ಜಿ ಬೀರುವಿನೊಳಗಿಂದ ತಾಯಿ ಕಾರ್ಡನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಕಾರ್ಡು ಸಿಕ್ಕರೂ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮಲ್ಲಿ ದಡಾರದ ಮೊದಲ ಚುಚ್ಚುಮದ್ದನ್ನು ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಅಮೆರಿಕದ ಶಾಲೆಗಳಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಆಸ್ಪತ್ರೆಯ ಪಟ್ಟಿಯಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಬೇಕೇ ಬೇಕು. ಕ್ಷಯ ತಡೆಯಲು ನಮ್ಮ ಮಕ್ಕಳಿಗೆ ಹುಟ್ಟಿದ ಕೂಡಲೇ ಹಾಕಿಸುವ ಬಿಸಿಜಿಯನ್ನು ಅಲ್ಲಿನ ಶಾಲೆ ಕೇಳುವುದೇ ಇಲ್ಲ. ಹೀಗಾಗಿ ಬಾಕಿ ಉಳಿದ ಸೂಜಿಗಳ ಲೆಕ್ಕ ತೀರಿಸಿಯೇ ಮಗು ತರಗತಿಯಲ್ಲಿ ನೆಲೆಗೊಳ್ಳಬೇಕು.

ನಮ್ಮವರು ಸಾಮಾನ್ಯವಾಗಿ ಇದನ್ನು ಒಂದು ಕಚೇರಿ ಕೆಲಸವೆಂದು ಮುಗಿಸಿಬಿಡುತ್ತಾರೆ. ಆದರೆ ಆ ದೇಶದ ಹೆತ್ತವರು ಇದೇ ಚೀಟಿಗಾಗಿ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದಾರೆ, ಬೀದಿಗೆ ಇಳಿಯುತ್ತಿದ್ದಾರೆ. ಈ ಜಗಳವನ್ನು ತಿಳಿದವರು ಮತ್ತು ತಿಳಿಯದವರ ನಡುವಿನ ಜಗಳ ಎಂದು ಎರಡು ಪಾಲು ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಇತಿಹಾಸ ಹೇಳುವುದು ಬೇರೆ. ಲಸಿಕೆ ಹಾಕಿಸದ ಹೆತ್ತವರೆಲ್ಲ ಒಂದೇ ಬಗೆಯವರಲ್ಲ. ಮಾಡಿಸೋಣ ಎಂದು ದಿನ ತಳ್ಳಿದವರಿದ್ದಾರೆ, ಮಗುವಿಗೆ ಏನಾದರೂ ಆದೀತೆಂದು ಅಂಜಿದವರಿದ್ದಾರೆ, ಸರ್ಕಾರದ ಮಾತನ್ನೇ ನಂಬದವರಿದ್ದಾರೆ. ಶಾಲೆಯ ನಿಯಮ ಮೊದಲನೆಯವರ ಮೇಲೆ ಕೆಲಸ ಮಾಡುವಷ್ಟು ಚೆನ್ನಾಗಿ ಉಳಿದಿಬ್ಬರ ಮೇಲೆ ಮಾಡುವುದಿಲ್ಲ. ಇಂದಿನ ಮಾತಿನ ತಿರುಳು ಇಷ್ಟೇ.

ಒಂದೇ ಬೆಂಚಿನ ಮಕ್ಕಳು

ಸಿಡುಬಿಗೆ ಲಸಿಕೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಪ್ರಯೋಗಿಸಿ ನೋಡಿದ್ದು 1796ರಲ್ಲಿ. 1827ರ ಹೊತ್ತಿಗಾಗಲೇ ಅಮೆರಿಕದ ಬಾಸ್ಟನ್ ನಗರ ಶಾಲೆಗೆ ಬರುವ ಮಕ್ಕಳಿಗೆ ಈ ಲಸಿಕೆ ಆಗಿರಬೇಕೆಂದು ಕೇಳತೊಡಗಿತ್ತು. 1855ರಲ್ಲಿ ಮ್ಯಾಸಚೂಸೆಟ್ಸ್ ಇಡೀ ರಾಜ್ಯಕ್ಕೆ ಇದನ್ನು ಕಾನೂನು ಮಾಡಿತು. ಅದೇ ರಾಜ್ಯ ಮೂರು ವರ್ಷ ಮುಂಚೆ, 1852ರಲ್ಲಿ, ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಡ್ಡಾಯ ಮಾಡಿತ್ತು ಎಂಬುದು ಗಮನಾರ್ಹ. ಬೇರೆ ಬೇರೆ ಮನೆಯ ಮಕ್ಕಳನ್ನು ಕರೆತಂದು ಒಂದೇ ಬೆಂಚಿನ ಮೇಲೆ ಕೂರಿಸುವುದೇ ಸರ್ಕಾರವೆಂದಾದರೆ, ಆ ಬೆಂಚಿನ ಮೇಲೆ ಒಬ್ಬರಿಂದ ಒಬ್ಬರಿಗೆ ಹರಡುವ ರೋಗಕ್ಕೂ ಅದೇ ಹೊಣೆ ಎಂಬ ತರ್ಕ ಇದರ ಹಿಂದಿತ್ತು.

ಆದರೆ ಆಗಿನ ಲಸಿಕೆ ಈಗಿನಂತೆ ಸಣ್ಣ ಸೂಜಿಯ ಕೆಲಸವಾಗಿರಲಿಲ್ಲ. ತೋಳಿನ ಚರ್ಮವನ್ನು ಕೆರೆದು ದ್ರವ ಸವರುತ್ತಿದ್ದರು. ಗಾಯ ಕೀವುಗಟ್ಟಿ, ಜ್ವರ ಬಂದು, ಹಕ್ಕಳೆ ಉದುರುವ ತನಕ ಕಾಯಬೇಕಿತ್ತು. ನಮ್ಮ ಹಳಬರು 'ದಾಕು ಹಾಕಿಸುವುದು' ಎಂದು ಹೇಳುತ್ತಿದ್ದುದೂ ಇದೇ ಬಗೆಯ ಲಸಿಕೆಯನ್ನೇ. ಅದರ ಕಲೆ ತೋಳಿನ ಮೇಲಿರುವ ಹಿರಿಯರು ಇಂದಿಗೂ ಮನೆಮನೆಗಳಲ್ಲಿ ಇದ್ದಾರೆ.

ಕೇಂಬ್ರಿಜ್ ಎಂಬ ಊರಿನ ಪಾದ್ರಿ ಹೆನ್ನಿಂಗ್ ಜೇಕಬ್‌ಸನ್ ಅವರದು ಈ ಇತಿಹಾಸದಲ್ಲಿ ದೊಡ್ಡ ಹೆಸರು. ಮ್ಯಾಸಚೂಸೆಟ್ಸ್ ರಾಜ್ಯದ ಆ ಊರಿನಲ್ಲಿ 1902ರಲ್ಲಿ ಸಿಡುಬು ಹಬ್ಬಿದಾಗ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ಆರೋಗ್ಯ ಮಂಡಳಿ ಆಜ್ಞೆ ಹೊರಡಿಸಿತು. ಜೇಕಬ್‌ಸನ್ ಒಪ್ಪಲಿಲ್ಲ. ಐದು ಡಾಲರ್ ದಂಡ ಬಿತ್ತು. ದಂಡ ಕಟ್ಟದೆ ಅವರು ದೇಶದ ಸುಪ್ರೀಂ ಕೋರ್ಟಿನವರೆಗೂ ಹೋದರು. ಚಿಕ್ಕಂದಿನಲ್ಲಿ ಲಸಿಕೆಯಿಂದ ತಾವು ಬಹಳ ನರಳಿದ್ದಾಗಿಯೂ, ಮಗನಿಗೂ ಅದು ಒಗ್ಗಲಿಲ್ಲವೆಂದೂ ಅವರು ಹೇಳಿದ್ದರು. 1905ರ ಫೆಬ್ರುವರಿಯಲ್ಲಿ ಏಳು ನ್ಯಾಯಮೂರ್ತಿಗಳು ಅವರ ವಿರುದ್ಧ, ಇಬ್ಬರು ಅವರ ಪರವಾಗಿ ನಿಂತರು. ಸಾಂಕ್ರಾಮಿಕ ರೋಗದಿಂದ ತನ್ನನ್ನು ಕಾಪಾಡಿಕೊಳ್ಳುವ ಅಧಿಕಾರ ಸಮುದಾಯಕ್ಕಿದೆ ಎಂಬುದು ಆ ತೀರ್ಪಿನ ಸಾರ.

1922ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದಿಂದ ಬಂದ ಜುಕ್ಟ್ ಮೊಕದ್ದಮೆಯಲ್ಲಿ ಕೋರ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಲಸಿಕೆ ಇಲ್ಲದ ಹುಡುಗಿಯೊಬ್ಬಳನ್ನು ಶಾಲೆ ಹೊರಗಿಟ್ಟಿತ್ತು. ಊರಿನಲ್ಲಿ ಆ ಹೊತ್ತಿಗೆ ರೋಗ ಹಬ್ಬಿರಲಿಲ್ಲವಲ್ಲ ಎಂಬುದು ಹೆತ್ತವರ ವಾದ. ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಶಾಲೆಯ ಪರ ತೀರ್ಪಿತ್ತರು. ಅಮೆರಿಕದ ಶಾಲಾ ಲಸಿಕೆ ಕಾನೂನುಗಳು ಬಹುಕಾಲ ಈ ಎರಡು ತೀರ್ಪುಗಳನ್ನೇ ನೆಚ್ಚಿಕೊಂಡು ಬಂದಿವೆ.

ಹೆದರಿಕೆಗೆ ಕಾರಣವಿದ್ದಾಗ

ಇಷ್ಟು ಕೇಳಿದರೆ ಹೆತ್ತವರು ಬರಿದೇ ಹಟ ಹಿಡಿದರು, ಕೋರ್ಟು ಬುದ್ಧಿ ಹೇಳಿತು ಎಂದು ತೋರಬಹುದು. ಅದಕ್ಕೇ 1901ರ ಕ್ಯಾಮ್ಡೆನ್ ಪಟ್ಟಣವನ್ನೂ ನೋಡಬೇಕು. ನ್ಯೂ ಜೆರ್ಸಿ ರಾಜ್ಯದ ಈ ಪಟ್ಟಣದಲ್ಲಿ ಸಿಡುಬು ಕಾಣಿಸಿದ್ದರಿಂದ ಶಾಲಾ ಮಂಡಳಿ ಲಸಿಕೆಯ ನಿಯಮವನ್ನು ಬಿಗಿಮಾಡಿತು. ಮಕ್ಕಳು ಸಾವಿರಗಟ್ಟಲೆ ಲಸಿಕೆ ಹಾಕಿಸಿಕೊಂಡರು. ಕೆಲವೇ ವಾರಗಳಲ್ಲಿ ಅವರಲ್ಲಿ ಒಂಬತ್ತು ಮಕ್ಕಳು ಧನುರ್ವಾಯುವಿನಿಂದ ಸತ್ತರು. ಅನೇಕ ಹೆತ್ತವರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ನಿಲ್ಲಿಸಿದರು. ಅದೇ ವರ್ಷ ಸೇಂಟ್ ಲೂಯಿಸ್ ನಗರದಲ್ಲಿ ಗಂಟಲಮಾರಿಗೆ ಕೊಡುತ್ತಿದ್ದ ಮದ್ದಿನಲ್ಲಿ ಧನುರ್ವಾಯುವಿನ ವಿಷ ಸೇರಿ 13 ಮಕ್ಕಳು ಪ್ರಾಣ ಕಳೆದುಕೊಂಡರು. ಆ ಮದ್ದನ್ನು ತೆಗೆದ ಕುದುರೆಗೇ ಧನುರ್ವಾಯು ಇತ್ತೆಂದು ಆಮೇಲೆ ಗೊತ್ತಾಯಿತು.

ಆ ಕಾಲದಲ್ಲಿ ಲಸಿಕೆ ತಯಾರಿಸುವವರ ಮೇಲೆ ಕೇಂದ್ರ ಸರ್ಕಾರದ ಯಾವ ಹಿಡಿತವೂ ಇರಲಿಲ್ಲ. ಮಗುವಿಗೆ ಕಡ್ಡಾಯ, ಕಂಪನಿಗೆ ಸ್ವಾತಂತ್ರ್ಯ ಎಂಬ ಸ್ಥಿತಿ. ಹೀಗಿರುವಾಗ ಕ್ಯಾಮ್ಡೆನ್ನಿನ ತಾಯಿಯೊಬ್ಬಳು ಹೆದರಿದ್ದರೆ ಅದನ್ನು ಮೌಢ್ಯ ಎನ್ನಲಾದೀತೇ? ಈ ಸಾವುಗಳ ನಂತರ 1902ರಲ್ಲಿ ಲಸಿಕೆ ತಯಾರಕರು ಪರವಾನಗಿ ಪಡೆಯಬೇಕು, ತಪಾಸಣೆಗೆ ಒಳಪಡಬೇಕು ಎಂಬ ಕಾನೂನು ಬಂತು. ಇಂದು ಲಸಿಕೆಯ ಪ್ರತಿಯೊಂದು ತಂಡವನ್ನೂ ಪರೀಕ್ಷಿಸುವ ಪದ್ಧತಿಯ ಬೇರು ಇಲ್ಲಿದೆ. ಹೆತ್ತವರ ಅಂಜಿಕೆಗೆ ಸರಿಯಾದ ಉತ್ತರ ಬೈಗುಳವಾಗಿರಲಿಲ್ಲ, ತಪಾಸಣೆಯಾಗಿತ್ತು.

ಪೋಲಿಯೊ ಕಾಲದಲ್ಲಿ ಇದೇ ಪಾಠ ಇನ್ನೊಮ್ಮೆ ಆಯಿತು. 1952ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 58 ಸಾವಿರ ಜನಕ್ಕೆ ಪೋಲಿಯೊ ತಗುಲಿತ್ತು. ಬೇಸಿಗೆ ಬಂತೆಂದರೆ ಹೆತ್ತವರು ಮಕ್ಕಳನ್ನು ಈಜುಕೊಳಕ್ಕೂ ಸಿನಿಮಾಕ್ಕೂ ಕಳಿಸಲು ಹೆದರುತ್ತಿದ್ದರು. 1954ರಲ್ಲಿ ಜೋನಾಸ್ ಸಾಕ್ ಅವರ ಲಸಿಕೆಯ ಪ್ರಯೋಗ ನಡೆದಾಗ ಸುಮಾರು 18 ಲಕ್ಷ ಶಾಲಾ ಮಕ್ಕಳು ಅದರಲ್ಲಿ ಪಾಲ್ಗೊಂಡರು. ಹೆತ್ತವರಿಗೆ ಕೊಟ್ಟ ಫಾರಂನಲ್ಲಿ 'ಒಪ್ಪಿಗೆ ಕೊಡುತ್ತೇನೆ' ಎಂದಿರಲಿಲ್ಲ, 'ನನ್ನ ಮಗುವನ್ನು ಸೇರಿಸಿಕೊಳ್ಳಿರೆಂದು ಕೋರುತ್ತೇನೆ' ಎಂಬ ಧಾಟಿ ಇತ್ತು. ಕಡ್ಡಾಯದ ಸೋಂಕೂ ಇಲ್ಲದೆ ಜನ ಕೋರಿಕೊಂಡು ಬಂದರು. ರೋಗ ಅವರ ಕಣ್ಣೆದುರಿಗೇ ಇತ್ತು.

1955ರ ಏಪ್ರಿಲ್ 12ರಂದು ಲಸಿಕೆ ಗೆದ್ದಿತೆಂದು ಘೋಷಣೆಯಾದಾಗ ಚರ್ಚುಗಳ ಗಂಟೆ ಮೊಳಗಿದವು. ಆದರೆ ತಿಂಗಳು ತುಂಬುವುದರೊಳಗೆ ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಲಸಿಕೆಯಲ್ಲಿ ಜೀವಂತ ವೈರಸ್ ಉಳಿದಿದ್ದುದು ಬಯಲಾಯಿತು. ನೂರಕ್ಕೂ ಹೆಚ್ಚು ಮಂದಿಗೆ ಕೈಕಾಲುಗಳ ಸ್ವಾಧೀನ ತಪ್ಪಿತು, ಹತ್ತು ಮಂದಿ ಸತ್ತರು. ಸರ್ಕಾರ ಇದನ್ನು ಮುಚ್ಚಿಡಲಿಲ್ಲ. ಆ ಕಂಪನಿಯ ಲಸಿಕೆಯನ್ನು ಹಿಂದಕ್ಕೆ ಪಡೆದು, ಮೇ ತಿಂಗಳಲ್ಲಿ ಇಡೀ ಕಾರ್ಯಕ್ರಮವನ್ನೇ ತಡೆದು, ತಯಾರಿಕೆಯ ವಿಧಾನಗಳನ್ನು ಪರಿಶೀಲಿಸಿ, ಪರೀಕ್ಷೆಗಳನ್ನು ಬಿಗಿಗೊಳಿಸಿತು. ಹೆತ್ತವರು ಮತ್ತೆ ಸಾಲಿಗೆ ಬಂದು ನಿಂತರು.

ರಸ್ತೆಯ ಆಚೆ, ಈಚೆ

ಶಾಲೆಯ ನಿಯಮ ನಿಜಕ್ಕೂ ಕೆಲಸ ಮಾಡುತ್ತದೆಯೇ? ಇದಕ್ಕೆ ಉತ್ತರ ಟೆಕ್ಸರ್ಕಾನಾ ಎಂಬ ಊರಿನಲ್ಲಿದೆ. ಈ ಊರಿನ ನಟ್ಟನಡುವೆ ಹಾದುಹೋಗುವ ರಸ್ತೆಯೇ ಎರಡು ರಾಜ್ಯಗಳ ಗಡಿ. ಒಂದು ಕಡೆ ಟೆಕ್ಸಾಸ್, ಇನ್ನೊಂದು ಕಡೆ ಅರ್ಕಾನ್ಸಾ. ಜನ ದಿನನಿತ್ಯ ಆಚೀಚೆ ಓಡಾಡುತ್ತಾರೆ. ದಡಾರಕ್ಕೆ ಲಸಿಕೆ 1963ರಲ್ಲೇ ಬಂದಿತ್ತು. ಅರ್ಕಾನ್ಸಾ ಕಡೆಯ ಶಾಲೆಗಳು ಅದನ್ನು ಕೇಳುತ್ತಿದ್ದವು, ಟೆಕ್ಸಾಸ್ ಕಡೆಯವು ಕೇಳುತ್ತಿರಲಿಲ್ಲ.

1970ರ ಜೂನ್‌ನಿಂದ 1971ರ ಜನವರಿಯವರೆಗೆ ಇಲ್ಲಿ 633 ಜನಕ್ಕೆ ದಡಾರ ಬಂತು. ಅವರಲ್ಲಿ 606 ಮಂದಿ ಟೆಕ್ಸಾಸ್ ಕಡೆಯವರು. ಅರ್ಕಾನ್ಸಾ ಕಡೆಯವರು ಕೇವಲ 27. ಊರು ಒಂದೇ, ಗಾಳಿ ಒಂದೇ, ಅಂಗಡಿಗಳೂ ಒಂದೇ. ವ್ಯತ್ಯಾಸವಿದ್ದದ್ದು ಶಾಲೆಯ ಬಾಗಿಲಲ್ಲಿ ಕೇಳುವ ಚೀಟಿಯಲ್ಲಿ.

ಇನ್ನೂ ಕುತೂಹಲದ ಸಂಗತಿಗಳು 1970ರ ದಶಕದ ಕೊನೆಯವು. ಅಲಾಸ್ಕಾ ರಾಜ್ಯದಲ್ಲಿ ದಡಾರ ಹಬ್ಬಿದಾಗ, ಪುಸ್ತಕದಲ್ಲಷ್ಟೇ ಇದ್ದ ಕಾನೂನನ್ನು ಜಾರಿಗೆ ತಂದು ಲಸಿಕೆಯ ದಾಖಲೆ ಇಲ್ಲದ ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಗೆ ಕಳಿಸಿದರು. ಅದು ಅಲ್ಲಿನ ಶಾಲಾ ಮಕ್ಕಳ ಶೇ 8ರಷ್ಟು. ಒಂದು ತಿಂಗಳು ಕಳೆಯುವಷ್ಟರಲ್ಲಿ ಹೊರಗೆ ಉಳಿದವರ ಸಂಖ್ಯೆ ಐವತ್ತರ ಆಸುಪಾಸಿಗೆ ಇಳಿಯಿತು. 1977ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸುಮಾರು 50 ಸಾವಿರ ಮಕ್ಕಳನ್ನು ಹೀಗೆಯೇ ಮನೆಗೆ ಕಳಿಸಿದರು. ಬಹುಪಾಲು ಮಕ್ಕಳು ಕೆಲವೇ ದಿನಗಳಲ್ಲಿ ಚೀಟಿ ಹಿಡಿದು ವಾಪಸು ಬಂದರು.

ಇದರ ಅರ್ಥವೇನು? ಆ ಸಾವಿರಾರು ಮಕ್ಕಳ ಹೆತ್ತವರು ಲಸಿಕೆಯ ವಿರೋಧಿಗಳೇ ಆಗಿರಲಿಲ್ಲ. ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ, ಮಗುವಿಗೆ ನೆಗಡಿ ಇತ್ತು, ಕ್ಲಿನಿಕ್ ದೂರವಿತ್ತು, ಮುಂದಿನ ತಿಂಗಳು ನೋಡೋಣ ಎಂದುಕೊಂಡಿದ್ದರು. ಇಂಥ ಕಾರಣಗಳು ಯಾವ ಮನೆಯಲ್ಲಿಲ್ಲ? ಶಾಲೆಯ ನಿಯಮ ಅವರ ಕೈಹಿಡಿದು ಎಳೆಯಿತು. 1980ರ ದಶಕ ಆರಂಭವಾಗುವ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಇತ್ತು. 2000ನೇ ಇಸವಿಯಲ್ಲಿ ಆ ದೇಶದೊಳಗೆ ದಡಾರದ ನಿರಂತರ ಹರಡುವಿಕೆ ನಿಂತಿದೆ ಎಂದು ಘೋಷಿಸಲಾಯಿತು.

ಸಹಿ ಮಾಡಿದರೆ ಸಾಕು

ಕಾನೂನು ಬಂದ ಕಡೆಯೆಲ್ಲ ವಿನಾಯಿತಿಯೂ ಬಂತು. ವೈದ್ಯಕೀಯ ಕಾರಣದ ವಿನಾಯಿತಿ ಎಲ್ಲ ರಾಜ್ಯಗಳಲ್ಲೂ ಉಂಟು. ಬಹಳಷ್ಟು ರಾಜ್ಯಗಳು ಧಾರ್ಮಿಕ ನಂಬಿಕೆಗೂ, ಕೆಲವು ರಾಜ್ಯಗಳು ಸ್ವಂತ ಅಭಿಪ್ರಾಯಕ್ಕೂ ವಿನಾಯಿತಿ ಕೊಟ್ಟವು. ವಾಷಿಂಗ್ಟನ್ ರಾಜ್ಯದಲ್ಲಿ ಹೆತ್ತವರು ಒಂದು ಫಾರಂಗೆ ಸಹಿ ಹಾಕಿದರೆ ಸಾಕಿತ್ತು. ಹಳೆಯ ಲಸಿಕೆ ದಾಖಲೆ ಹುಡುಕುವುದಕ್ಕಿಂತ ಈ ಸಹಿ ಸುಲಭ. ಹೀಗಾಗಿ ಲಸಿಕೆಯ ಬಗ್ಗೆ ತಕರಾರೇ ಇಲ್ಲದವರೂ ಸಹಿ ಹಾಕಿ ಹೊರಡುತ್ತಿದ್ದರು.

2011ರಲ್ಲಿ ಆ ರಾಜ್ಯ ಒಂದು ಸಣ್ಣ ತಿದ್ದುಪಡಿ ಮಾಡಿತು. ವಿನಾಯಿತಿ ಬೇಕಾದವರು ಮೊದಲು ವೈದ್ಯರನ್ನೋ ನರ್ಸನ್ನೋ ಕಂಡು, ಲಸಿಕೆಯಿಂದ ಆಗುವ ಲಾಭವೇನು, ಅಪಾಯವೇನು ಎಂದು ಕೇಳಿಸಿಕೊಂಡು, ಅವರ ಸಹಿಯನ್ನೂ ತರಬೇಕು. ಆಮೇಲೂ ಬೇಡವೆಂದರೆ ಬೇಡ. ಯಾರನ್ನೂ ಬಲವಂತ ಮಾಡಲಿಲ್ಲ, ಯಾರಿಗೂ ದಂಡ ಹಾಕಲಿಲ್ಲ. ಆದರೂ ವಿನಾಯಿತಿ ಪಡೆದವರ ಪ್ರಮಾಣ ಸುಮಾರು ಶೇ 40ರಷ್ಟು ಇಳಿಯಿತು. 'ಇಲ್ಲ' ಎನ್ನುವುದು 'ಹೌದು' ಎನ್ನುವುದಕ್ಕಿಂತ ಸುಲಭವಾಗಿರಬಾರದು ಎಂಬ ಒಂದೇ ತತ್ವ ಇಷ್ಟು ಮಾಡಿತು.

ಆದರೆ ನಿಜಕ್ಕೂ ಅಂಜಿದವರ ಕತೆ ಬೇರೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 12 ಮಕ್ಕಳ ವಿವರ ಪ್ರಕಟಿಸಿ, ದಡಾರ, ಮಂಗನಬಾವು ಮತ್ತು ರುಬೆಲ್ಲಾಗಳಿಗೆ ಒಟ್ಟಿಗೆ ಕೊಡುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಗುಮಾನಿ ಹಬ್ಬಿಸಿದರು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಅವರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ಆದರೆ ಹಿಂತೆಗೆದುಕೊಂಡದ್ದು ಲೇಖನವನ್ನು. ಭಯವನ್ನು ಹಿಂತೆಗೆದುಕೊಳ್ಳಲು ಯಾವ ಪತ್ರಿಕೆಗೂ ಆಗದು.

ಮಿನ್ನೆಸೋಟ ರಾಜ್ಯದ ಸೊಮಾಲಿ ಸಮುದಾಯ ಇದಕ್ಕೆ ನಿದರ್ಶನ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಈ ಜನ ಮೊದಮೊದಲು ಮಕ್ಕಳಿಗೆ ತಪ್ಪದೆ ಲಸಿಕೆ ಹಾಕಿಸುತ್ತಿದ್ದರು. 2004ರಲ್ಲಿ ಅವರ ಮಕ್ಕಳಲ್ಲಿ ಶೇ 92ರಷ್ಟು ಮಂದಿಗೆ ದಡಾರದ ಲಸಿಕೆ ಆಗಿತ್ತು. ತಮ್ಮವರ ಮಕ್ಕಳಲ್ಲಿ ಆಟಿಸಂ ಹೆಚ್ಚುತ್ತಿದೆ ಎಂದು ಕೆಲವು ತಾಯಂದಿರಿಗೆ ಅನ್ನಿಸಿತು. ಏಕೆಂದು ಕೇಳಿದರೆ ಯಾರಲ್ಲೂ ಸ್ಪಷ್ಟ ಉತ್ತರವಿರಲಿಲ್ಲ. ಆ ಖಾಲಿ ಜಾಗಕ್ಕೆ ಲಸಿಕೆ ವಿರೋಧಿಗಳು ಬಂದರು. ಸ್ವತಃ ವೇಕ್‌ಫೀಲ್ಡ್ ಮಿನಿಯಾಪೊಲಿಸ್‌ಗೆ ಬಂದು ಅವರನ್ನು ಭೇಟಿಯಾದರು. 2014ರ ಹೊತ್ತಿಗೆ ಲಸಿಕೆ ಪ್ರಮಾಣ ಶೇ 42ಕ್ಕೆ ಕುಸಿಯಿತು. 2017ರಲ್ಲಿ ಆ ರಾಜ್ಯದಲ್ಲಿ ದಡಾರ ಎದ್ದಾಗ 75 ಮಂದಿಗೆ ತಗುಲಿತು, ಬಹುಪಾಲು ಸೊಮಾಲಿ ಮನೆಗಳ ಮಕ್ಕಳಿಗೇ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಮಿನ್ನೆಸೋಟದಲ್ಲೂ ಶಾಲೆಯ ಕಾನೂನು ಇತ್ತು, ಅಭಿಪ್ರಾಯದ ಆಧಾರದ ವಿನಾಯಿತಿಯೂ ಇತ್ತು. ಕೊರತೆ ಇದ್ದದ್ದು ಆ ತಾಯಂದಿರ ಪ್ರಶ್ನೆಯನ್ನು ಅವರದೇ ಭಾಷೆಯಲ್ಲಿ, ಅವರು ನಂಬುವವರ ಬಾಯಿಂದ, ಸಕಾಲದಲ್ಲಿ ಉತ್ತರಿಸುವುದರಲ್ಲಿ. ರೋಗ ಎದ್ದ ಮೇಲೆ ಸೊಮಾಲಿ ಆರೋಗ್ಯ ಕಾರ್ಯಕರ್ತರೂ ಮಸೀದಿಗಳ ಇಮಾಮರೂ ಆ ಕೆಲಸಕ್ಕೆ ಇಳಿದರು.

ಇನ್ನೊಬ್ಬರ ಮಗು

ಹೆತ್ತವರ ಹಕ್ಕಿನ ಮಾತು ಬಂದಾಗಲೆಲ್ಲ ಒಂದು ಪಕ್ಷದ ಹೆತ್ತವರಷ್ಟೇ ಕಣ್ಣಿಗೆ ಬೀಳುತ್ತಾರೆ. ಎದುರಿಗೆ ಇನ್ನೊಬ್ಬ ತಂದೆ, ಇನ್ನೊಬ್ಬ ತಾಯಿಯೂ ಇದ್ದಾರೆ. 2014ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಿಂದ ದಡಾರ ಹಬ್ಬಿ ಆ ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಮಂದಿಗೆ ತಗುಲಿತು. ಆಗ ರಕ್ತದ ಕ್ಯಾನ್ಸರ್ ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಬಾಲಕನೊಬ್ಬನ ತಂದೆ ಶಾಲೆಯ ಅಧಿಕಾರಿಗಳಿಗೆ ಒಂದು ಕೋರಿಕೆ ಸಲ್ಲಿಸಿದರು. ತಮ್ಮ ಮಗನಿಗೆ ಲಸಿಕೆ ಕೊಡುವಂತಿಲ್ಲ, ಅವನ ದೇಹ ಅದನ್ನು ತಾಳದು. ಆದ್ದರಿಂದ ಲಸಿಕೆ ಹಾಕಿಸಿಕೊಳ್ಳಬಲ್ಲ ಆದರೆ ಹಾಕಿಸಿಕೊಳ್ಳದ ಮಕ್ಕಳನ್ನು ಶಾಲೆಯಿಂದ ದೂರವಿಡಿ ಎಂಬುದು ಆ ಕೋರಿಕೆ. ಅವರೂ ಕೇಳುತ್ತಿದ್ದುದು ಹೆತ್ತವರ ಹಕ್ಕನ್ನೇ.

ದಡಾರದ ವೈರಸ್ ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ಉಳಿಯಬಲ್ಲದು. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡಬಹುದು. ಆದ್ದರಿಂದಲೇ ನೂರರಲ್ಲಿ 95 ಮಂದಿಗೆ ಲಸಿಕೆ ಆಗಿದ್ದರೆ ಮಾತ್ರ ಉಳಿದ ಐವರು ಸುರಕ್ಷಿತ ಎಂಬ ಲೆಕ್ಕ. ಆ ಐದು ಸ್ಥಾನಗಳು ಹಸುಗೂಸುಗಳಿಗೂ ಕಾಯಿಲೆಯ ಮಕ್ಕಳಿಗೂ ಮೀಸಲು. ಆರೋಗ್ಯವಂತ ಮಗುವಿನ ಹೆತ್ತವರು ಅದನ್ನು ಹಿಡಿದರೆ ಯಾರೋ ಒಬ್ಬ ಅಶಕ್ತ ಮಗು ನೆರಳು ಕಳೆದುಕೊಳ್ಳುತ್ತದೆ.

ಮಿಸಿಸಿಪ್ಪಿ ರಾಜ್ಯದ ಅತ್ಯುನ್ನತ ನ್ಯಾಯಾಲಯ 1979ರಲ್ಲಿ ಇದೇ ಕೋನದಿಂದ ಯೋಚಿಸಿತ್ತು. ಕೆಲವರ ಧರ್ಮಕ್ಕೆ ವಿನಾಯಿತಿ ಕೊಟ್ಟರೆ, ಅಂಥ ನಂಬಿಕೆಯಿಲ್ಲದ ಬಹುಜನರ ಮಕ್ಕಳಿಗೆ ಸಮಾನ ರಕ್ಷಣೆ ತಪ್ಪುತ್ತದೆ ಎಂದು ಧಾರ್ಮಿಕ ವಿನಾಯಿತಿಯನ್ನು ರದ್ದು ಮಾಡಿತು. ಬಡರಾಜ್ಯವೆನಿಸಿದ ಮಿಸಿಸಿಪ್ಪಿ ಮಕ್ಕಳ ಲಸಿಕೆಯಲ್ಲಿ ಬಹುಕಾಲ ದೇಶದ ಮುಂಚೂಣಿಯಲ್ಲಿತ್ತು. 2023ರಲ್ಲಿ ಫೆಡರಲ್ ನ್ಯಾಯಾಧೀಶರ ಆದೇಶದಂತೆ ಅಲ್ಲಿಯೂ ಧಾರ್ಮಿಕ ವಿನಾಯಿತಿಗೆ ಬಾಗಿಲು ತೆರೆಯಿತು.

ಕ್ಯಾಲಿಫೋರ್ನಿಯಾ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದಿತ್ತು. 2015ರಲ್ಲಿ, ಹೆತ್ತವರ ಭಾರಿ ಪ್ರತಿಭಟನೆಯ ನಡುವೆ, ವೈದ್ಯಕೀಯ ಕಾರಣವೊಂದನ್ನುಳಿದು ಬೇರೆಲ್ಲ ವಿನಾಯಿತಿಗಳನ್ನು ತೆಗೆದುಹಾಕಿತು. 2015-16ರಲ್ಲಿ ಶೇ 92.8ರಷ್ಟಿದ್ದ, ಎಲ್ಲ ಲಸಿಕೆ ಪೂರೈಸಿದ ಶಿಶುವಿಹಾರದ ಮಕ್ಕಳ ಪ್ರಮಾಣ ಮರುವರ್ಷವೇ ಶೇ 95.6ಕ್ಕೆ ಏರಿತು. ಕಾನೂನಿನ ಶಕ್ತಿ ಇದು. ಜೊತೆಗೇ ಇನ್ನೊಂದೂ ನಡೆಯಿತು. ವೈದ್ಯಕೀಯ ವಿನಾಯಿತಿ ಪಡೆದವರ ಪ್ರಮಾಣ ಎರಡೇ ವರ್ಷಗಳಲ್ಲಿ ಶೇ 0.2ರಿಂದ ಶೇ 0.7ಕ್ಕೆ ಏರಿತು. ಮಕ್ಕಳ ಕಾಯಿಲೆಗಳು ಏಕಾಏಕಿ ಮೂರು ಪಟ್ಟು ಹೆಚ್ಚಿರಲಾರವು. ಒಪ್ಪದ ಹೆತ್ತವರು ಒಪ್ಪುವ ವೈದ್ಯರನ್ನು ಹುಡುಕಿಕೊಂಡಿದ್ದರು. ಅದನ್ನು ಮುಚ್ಚಲು 2019ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಕಾನೂನಿನ ಮಿತಿಯೂ ಇದೇ.

ಮರೆತ ರೋಗ ಮರಳಿದಾಗ

2024-25ರ ಶಾಲಾ ವರ್ಷದಲ್ಲಿ ಅಮೆರಿಕದ ಶಿಶುವಿಹಾರದ ಮಕ್ಕಳಲ್ಲಿ ದಡಾರದ ಲಸಿಕೆ ಪಡೆದವರು ಶೇ 92.5. ವಿನಾಯಿತಿ ಪಡೆದವರು ಶೇ 3.6. ದೇಶದ ಸರಾಸರಿ ಹೀಗಿದ್ದರೂ ಒಪ್ಪದವರು ಒಂದೆಡೆ ಗುಂಪಾಗಿರುವುದೇ ಅಪಾಯ. ಟೆಕ್ಸಾಸ್‌ನ ಗೇನ್ಸ್ ಕೌಂಟಿಯಲ್ಲಿ ವಿನಾಯಿತಿಯ ಪ್ರಮಾಣ ಶೇ 18ರ ಹತ್ತಿರವಿತ್ತು. 2025ರ ಜನವರಿಯಲ್ಲಿ ಅಲ್ಲಿ ಕಾಣಿಸಿಕೊಂಡ ದಡಾರ, ಆಗಸ್ಟ್‌ನಲ್ಲಿ ಮುಗಿಯಿತೆಂದು ಸಾರುವ ಹೊತ್ತಿಗೆ, ಆ ರಾಜ್ಯದಲ್ಲಿ 762 ಮಂದಿಗೆ ತಗುಲಿತ್ತು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ಸತ್ತರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ಆ ದೇಶದಲ್ಲಿ ದಡಾರದಿಂದ ಸಾವು ಸಂಭವಿಸಿ ಹತ್ತು ವರ್ಷವಾಗಿತ್ತು. ಅದೇ 2025ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ರಾಜ್ಯದ ಆರೋಗ್ಯ ಮುಖ್ಯಸ್ಥರು ಶಾಲೆಗಳಲ್ಲಿ ಲಸಿಕೆ ಕಡ್ಡಾಯವನ್ನೇ ತೆಗೆದುಹಾಕುವ ಉದ್ದೇಶವನ್ನು ಪ್ರಕಟಿಸಿದರು.

1954ರ ಹೆತ್ತವರು ಪೋಲಿಯೊವನ್ನು ಕಂಡಿದ್ದರು, ಲಸಿಕೆಯನ್ನು ಕಂಡಿರಲಿಲ್ಲ. ಈಗಿನ ಹೆತ್ತವರು ಲಸಿಕೆಯನ್ನು ಕಾಣುತ್ತಾರೆ, ರೋಗವನ್ನು ಕಂಡಿಲ್ಲ. ಸೂಜಿ ಚುಚ್ಚಿದ ರಾತ್ರಿ ಮಗು ಅತ್ತದ್ದು ನೆನಪಿರುತ್ತದೆ. ಬಾರದೇ ಹೋದ ದಡಾರಕ್ಕೆ ನೆನಪಿಲ್ಲ. ಲಸಿಕೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅದು ಅನಾವಶ್ಯಕವೆಂದು ತೋರುವುದು ಅದರ ವಿಧಿ.

ಮೈಸೂರಿನ ರಾಣಿಯ ತೋಳು

ಇಷ್ಟೆಲ್ಲ ದೂರದ ಮಾತು ನಮಗೇಕೆ ಎನ್ನಬಹುದು. ಭಾರತದಲ್ಲಿ ಶಾಲೆಗೆ ಸೇರಲು ಲಸಿಕೆ ಆಗಿರಲೇಬೇಕೆಂಬ ರಾಷ್ಟ್ರೀಯ ಕಾನೂನಿಲ್ಲ. ಆದರೆ ಶಾಲೆ ಮತ್ತು ಸೂಜಿ ಇಲ್ಲಿಯೂ ಮುಖಾಮುಖಿಯಾಗಿವೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಮೊದಲಿಗೆ ಆರಂಭವಾದ ಐದು ಕಡೆಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಮುಂಚೆ ಹಾಕಿಸಿದ್ದರೂ ಸರಿಯೇ, ಇನ್ನೊಂದು ಚುಚ್ಚುಮದ್ದು. ಶಾಲೆಗಳೇ ಅದರ ಮುಖ್ಯ ಕೇಂದ್ರ. 'ಮುಂಚೆ ಹಾಕಿಸಿದ್ದೇವಲ್ಲ, ಮತ್ತೇಕೆ?' ಎಂಬ ಪೋಷಕರ ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಉತ್ತರವೂ ಸರಳ. ಒಂದು ಸಲ ಹಾಕಿಸಿದಾಗ ಎಲ್ಲ ಮಕ್ಕಳಲ್ಲೂ ರಕ್ಷಣೆ ಮೂಡುವುದಿಲ್ಲ, ಯಾರಲ್ಲಿ ಮೂಡಿಲ್ಲ ಎಂದು ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಆದರೆ ಉತ್ತರ ಮನೆ ತಲುಪುವ ಮುಂಚೆಯೇ ವಾಟ್ಸ್ಆ್ಯಪ್‌ನ ವದಂತಿಗಳು ತಲುಪಿದ್ದವು.

ಇದೇ ಅಭಿಯಾನ ದೆಹಲಿಗೆ ಬಂದಾಗ ಕೆಲವರು ಮಕ್ಕಳ ಪರವಾಗಿ ಹೈಕೋರ್ಟಿಗೆ ಹೋದರು. ಪೋಷಕರ ಒಪ್ಪಿಗೆಯನ್ನು ಬದಿಗಿಟ್ಟು ಶಾಲೆಯಲ್ಲಿ ಲಸಿಕೆ ಹಾಕುವಂತಿಲ್ಲ, ಅಡ್ಡ ಪರಿಣಾಮಗಳೂ ಸೇರಿದಂತೆ ಪೂರ್ಣ ಮಾಹಿತಿ ಕೊಡಬೇಕು ಎಂದು ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಅಡ್ಡ ಪರಿಣಾಮ ಹೇಳಿದರೆ ಜನ ಹೆದರುತ್ತಾರೆ ಎಂಬ ವಾದವನ್ನು ಅದು ಒಪ್ಪಲಿಲ್ಲ. ವಾಷಿಂಗ್ಟನ್ ರಾಜ್ಯದ ಅನುಭವ ಹೇಳುವುದೂ ಅದನ್ನೇ. ಕೂರಿಸಿ, ಮುಚ್ಚುಮರೆಯಿಲ್ಲದೆ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಇದು ಕನ್ನಡನಾಡಿಗೆ ಹೊಸ ಪಾಠವೇನೂ ಅಲ್ಲ. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆಯನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಹುಡುಗಿಗೆ ಹಾಕಿದರು. ಮೂರೇ ವರ್ಷದ ನಂತರ, 1805ರಲ್ಲಿ, ಥಾಮಸ್ ಹಿಕಿ ಎಂಬ ಕಲಾವಿದ ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅವರಲ್ಲೊಬ್ಬರು ಸೆರಗು ತುಸು ಸರಿಸಿ ತೋಳಿನ ಕಡೆ ಬೆರಳು ತೋರುತ್ತಾರೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುತ್ತಿದ್ದಾರೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಆ ಓದು ಸರಿಯಾದರೆ ಒಂದು ವಿಷಯ ಸ್ಪಷ್ಟ. ಅಂತಃಪುರದ ಹೆಣ್ಣುಮಕ್ಕಳ ತೋಳು ಪರರ ಕಣ್ಣಿಗೆ ಬೀಳದ ಕಾಲದಲ್ಲಿ ಅರಮನೆ ಆಜ್ಞೆಯೊಂದನ್ನೇ ನೆಚ್ಚಲಿಲ್ಲ, ಮೊದಲು ತಾನು ಹಾಕಿಸಿಕೊಂಡು ತೋರಿಸಿತು.

ಶಾಲೆಯಿಂದ ಒಪ್ಪಿಗೆ ಚೀಟಿ ಮನೆಗೆ ಬಂದಾಗ ಅದರಲ್ಲಿ ಸಹಿ ಹಾಕಲು ಒಂದು ಗೆರೆ ಇರುತ್ತದೆ. ಪ್ರಶ್ನೆ ಕೇಳಲು ಗೆರೆ ಇರುವುದಿಲ್ಲ. ಪೋಷಕರು ಆ ಪ್ರಶ್ನೆಯನ್ನು ಮೊಬೈಲಿಗೆ ಕೇಳುವ ಬದಲು ಶಾಲೆಗೇ ಬಂದು ಕೇಳಬೇಕು. ಉತ್ತರಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಶಾಲೆ ಆ ದಿನ ಕರೆಸಿ ಕೂರಿಸಬೇಕು. ಸಹಿ ಅದಾದ ಮೇಲಿನ ಮಾತು. ಪಕ್ಕದ ಬೆಂಚಿನಲ್ಲಿ ಲಸಿಕೆ ಹಾಕಿಸಿಕೊಳ್ಳಲಾಗದ ಮಗುವೊಂದು ಕೂತಿರಬಹುದು ಎಂಬುದು ಆ ಹೊತ್ತಿನಲ್ಲಿ ನೆನಪಿದ್ದರೆ ಸಾಕು.